ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಕಾರ್ಪೆಟ್: ಜೋಡಣೆಯ ಕ್ರಮ ಮತ್ತು ಸಣ್ಣ ಉತ್ಪಾದಕರಿಗೊಂದು ಪಾಠ

ವಾಹನವೊಂದರ ಉತ್ಪಾದನೆ ನಿಂತರೆ ಅದರ ಬಿಡಿಭಾಗಗಳ ಬೇಡಿಕೆಯೂ ಕ್ರಮೇಣ ನಿಂತುಹೋಗುತ್ತದೆ ಎಂಬುದು ವ್ಯಾಪಾರ ವಲಯದ ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆಗೆ ಅಪವಾದವಾಗಿರುವುದು ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರುಕಟ್ಟೆ. ಇದಕ್ಕೆ ಬ್ರಿಟನ್ನಿನ ಎಂಜಿಬಿ ಕಾರು ಉತ್ತಮ ಉದಾಹರಣೆ. ಆಕ್ಸ್‌ಫರ್ಡ್ ನಗರಕ್ಕೆ ಸಮೀಪದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರುಗಳ ಸಂಖ್ಯೆ ಐದು ಲಕ್ಷಕ್ಕೂ ಅಧಿಕ. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾದವು. ಕಾರ್ಖಾನೆ ಮುಚ್ಚಿದ ಎಂಟು ವರ್ಷಗಳ ಬಳಿಕ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಮೂಲ ಅಚ್ಚುಗಳನ್ನು ಬಳಸಿ ಈ ಕಾರಿನ ಸಂಪೂರ್ಣ ಲೋಹದ ಕವಚವನ್ನೇ ಹೊಸದಾಗಿ ತಯಾರಿಸತೊಡಗಿತು. ಕವಚಕ್ಕೇ ಗಿರಾಕಿಗಳಿರುವಾಗ ಒಳಾಂಗಣದ ವಸ್ತುಗಳಿಗೆ ಗಿರಾಕಿಗಳಿರುವುದು ಸಹಜ.

ಒಳಾಂಗಣದ ವಸ್ತುಗಳಲ್ಲಿ ಬೇಗನೆ ಸವೆಯುವುದು ನೆಲದ ಕಾರ್ಪೆಟ್. ಕತ್ತರಿಸಿ, ಅಂಚು ಹೊಲಿದು, ಸೆಟ್ಟಾಗಿ ಕಟ್ಟಿ ಮಾರುವ ಈ ವಸ್ತುವಿನ ತಯಾರಿಕೆಗೆ ದೊಡ್ಡ ಯಂತ್ರಗಳ ಅಗತ್ಯವಿಲ್ಲ. ಆದರೆ ಅದು ಕಾರಿನಲ್ಲಿ ಹೇಗೆ ಕೂರುತ್ತದೆ ಎಂಬ ಅರಿವಿಲ್ಲದೆ ತಯಾರಿಸಿದರೆ ಮಾಲು ಹಿಂದಿರುಗಿ ಬರುವುದು ನಿಶ್ಚಿತ. ಆದ್ದರಿಂದ ಎಂಜಿಬಿ ಕಾರನ್ನೇ ಮಾದರಿಯಾಗಿಟ್ಟುಕೊಂಡು ಜೋಡಣೆಯ ಕ್ರಮವನ್ನೂ, ಅದರಿಂದ ಉತ್ಪಾದಕರು ಗ್ರಹಿಸಬೇಕಾದ ಅಂಶಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ಹೆಸರು, ಹಲವು ಅಳತೆಗಳು

ಹದಿನೆಂಟು ವರ್ಷ ಒಂದೇ ಹೆಸರಿನಲ್ಲಿ ಮಾರಾಟವಾದ ಕಾರಿಗೆ ಒಂದೇ ಸೆಟ್ ಸಾಕೆಂದು ಭಾವಿಸುವುದು ತಪ್ಪು. ಮೊದಲನೆಯದಾಗಿ, ತೆರೆದ ಕಾರು ಹಾಗೂ 1965ರಲ್ಲಿ ಬಂದ ಮುಚ್ಚಿದ ಮೇಲ್ಛಾವಣಿಯ ಜಿಟಿ ಮಾದರಿಗಳ ಹಿಂಭಾಗದ ವಿನ್ಯಾಸ ಬೇರೆ ಬೇರೆ. ಎರಡನೆಯದಾಗಿ, 1967ರಲ್ಲಿ ಗೇರ್‌ಬಾಕ್ಸ್ ಬದಲಾದಾಗ ಅದನ್ನು ಮುಚ್ಚುವ ನಡುವಣ ಸುರಂಗದ ಆಕಾರವೂ ಬದಲಾಯಿತು. ಹಿಂದಿನ ಸುರಂಗದ ಕಾರ್ಪೆಟ್ ನಂತರದ ಕಾರಿಗೆ ಹೊಂದುವುದಿಲ್ಲ. ಮೂರನೆಯದಾಗಿ, ಬಲಗಡೆ ಸ್ಟೀರಿಂಗ್ ಮತ್ತು ಎಡಗಡೆ ಸ್ಟೀರಿಂಗ್ ಕಾರುಗಳಲ್ಲಿ ಪೆಡಲುಗಳ ಸ್ಥಾನವೂ, ಚಾಲಕನ ಹಿಮ್ಮಡಿ ಊರುವ ಸ್ಥಳವೂ ಅದಲುಬದಲಾಗುತ್ತವೆ. ಆದ್ದರಿಂದ ಆದೇಶ ಪಡೆಯುವಾಗಲೇ ತಯಾರಿಕೆಯ ವರ್ಷ, ಮಾದರಿ ಮತ್ತು ಸ್ಟೀರಿಂಗ್‌ನ ಪಾರ್ಶ್ವ ಈ ಮೂರನ್ನೂ ಬರಹದಲ್ಲಿ ಪಡೆಯುವುದು ಅವಶ್ಯಕ.

ಬಟ್ಟೆಯ ಆಯ್ಕೆ

ಹಳೆಯ ದುಬಾರಿ ಕಾರುಗಳಲ್ಲಿ ಉಣ್ಣೆಯ ಕಾರ್ಪೆಟ್ ಇರುತ್ತಿತ್ತು. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕೊಳೆಯನ್ನು ಎದ್ದುತೋರಿಸುವುದಿಲ್ಲ. ಆದರೆ ತೇವವನ್ನು ಹೀರುತ್ತದೆ, ನುಸಿಗೆ ಈಡಾಗುತ್ತದೆ, ಬೆಲೆಯೂ ಹೆಚ್ಚು. ನೈಲಾನ್ ಉಜ್ಜುವಿಕೆಯನ್ನು ಚೆನ್ನಾಗಿ ತಾಳುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ನೀರನ್ನು ಹೀರುವುದಿಲ್ಲ. ಆದರೆ ತುಳಿತಕ್ಕೆ ಬೇಗನೆ ಚಪ್ಪಟೆಯಾಗುತ್ತದೆ ಮತ್ತು ಮೂರರಲ್ಲಿ ಕಡಿಮೆ ಶಾಖಕ್ಕೆ ಕರಗುವುದು ಇದೇ. ಗೇರ್‌ಬಾಕ್ಸ್ ಸುರಂಗದ ಮೇಲೆ ಹಾಗೂ ಹೊಗೆಕೊಳವೆ ಹಾದುಹೋಗುವ ನೆಲದ ಮೇಲೆ ಬಳಸುವಾಗ ಈ ಸಂಗತಿಯನ್ನು ಗಮನಿಸಬೇಕು.

ಕಾರ್ಪೆಟ್‌ನ ಬೆನ್ನಿನ ಲೇಪ, ಅಂಚುಪಟ್ಟಿ ಮತ್ತು ದಾರಗಳಿಗೆ ಬಟ್ಟೆಯಷ್ಟೇ ಪ್ರಾಮುಖ್ಯವಿದೆ. ಬೆನ್ನಿಗೆ ಲೇಟೆಕ್ಸ್ ಲೇಪ ಸಮನಾಗಿ ಇಲ್ಲದಿದ್ದಲ್ಲಿ ಕತ್ತರಿಸಿದ ಅಂಚಿನಿಂದ ಎಳೆಗಳು ಕಳಚಿಕೊಳ್ಳುತ್ತವೆ. ಹತ್ತಿಯ ದಾರ ತೇವದಲ್ಲಿ ಕೊಳೆಯುವುದರಿಂದ ಅಂಚುಪಟ್ಟಿಯನ್ನು ಪಾಲಿಯೆಸ್ಟರ್ ಅಥವಾ ನೈಲಾನ್ ದಾರದಿಂದಲೇ ಹೊಲಿಯಬೇಕು. ಸೆಟ್ಟಿನ ಎಲ್ಲ ತುಂಡುಗಳಲ್ಲಿ ಎಳೆಗಳ ಒರಗು ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಬೇಕು. ಬಟ್ಟೆ ಉಳಿಸಲೆಂದು ಒಂದು ತುಂಡನ್ನು ತಿರುಗಿಸಿ ಕತ್ತರಿಸಿದರೆ, ಕಾರಿನಲ್ಲಿ ಅದೊಂದೇ ಬೇರೆ ಬಣ್ಣದಂತೆ ಕಾಣುತ್ತದೆ.

ಕಾರ್ಪೆಟ್‌ನ ಕೆಳಗೇನಿದೆ?

ಎಂಜಿಬಿಗೆ ಮುಂಚಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ, ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಹೊಸ್ತಿಲು ಮತ್ತು ನಡುವಣ ಸುರಂಗ ಒಟ್ಟಾಗಿ ಕಾರಿನ ಭಾರವನ್ನು ಹೊರುತ್ತವೆ. ಆದ್ದರಿಂದ ಇಲ್ಲಿ ನೆಲದ ತುಕ್ಕು ಅಂದಗೇಡು ಮಾತ್ರವಲ್ಲ, ಕಾರಿನ ಬಲವನ್ನೇ ಕುಂದಿಸುವ ದೋಷ. ತೆರೆದ ಕಾರಿನೊಳಗೆ ಮಳೆನೀರು ಬರುವುದನ್ನು ಸಂಪೂರ್ಣ ತಪ್ಪಿಸಲಾಗದು. ಕಾರ್ಪೆಟ್‌ನ ಮೇಲ್ಭಾಗ ಒಣಗಿದಂತೆ ಕಂಡರೂ ಅಡಿಯ ಹಾಸು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, 40 ವರ್ಷ ಮೀರಿದ ಹಾಗೂ ಗಣನೀಯ ಮಾರ್ಪಾಡು ಮಾಡದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಎಂದರೆ ತುಕ್ಕನ್ನು ಕಂಡುಹಿಡಿಯುವ ಹೊಣೆ ಮಾಲೀಕನ ಮೇಲೆಯೇ ಬಿದ್ದಿದೆ. ಕಾರ್ಪೆಟ್ ಬದಲಿಸುವ ದಿನ ನೆಲವನ್ನು ಪೂರ್ಣವಾಗಿ ನೋಡಲು ದೊರೆಯುವ ಅಪರೂಪದ ಅವಕಾಶ.

ಜೋಡಣೆಯ ಕ್ರಮ

1. ಬ್ಯಾಟರಿಯ ಸಂಪರ್ಕ ಕಳಚಬೇಕು. ಆಸನಗಳು, ಸೀಟ್ ಬೆಲ್ಟುಗಳು, ಗೇರ್ ಹಿಡಿಯ ಸುತ್ತಲಿನ ಹೊದಿಕೆ ಮತ್ತು ಹೊಸ್ತಿಲ ಮೇಲಿನ ಲೋಹದ ಪಟ್ಟಿಗಳನ್ನು ತೆಗೆಯಬೇಕು. ಆಸನದ ಹಳಿಗಳ ಅಡಿಯಲ್ಲಿ ಮರದ ಪಟ್ಟಿಗಳಿರುತ್ತವೆ. ಅವು ಕೊಳೆತಿದ್ದರೆ ಬದಲಿಸಬೇಕು. ಕಳಚಿದ ಬೋಲ್ಟುಗಳನ್ನು ಸ್ಥಾನಕ್ಕೆ ತಕ್ಕಂತೆ ಬೇರೆ ಬೇರೆ ಚೀಲಗಳಲ್ಲಿ ಹೆಸರು ಬರೆದಿಡುವುದು ಒಳ್ಳೆಯದು.

2. ಹಳೆಯ ಕಾರ್ಪೆಟ್ ಎಷ್ಟೇ ಜೀರ್ಣವಾಗಿದ್ದರೂ ಕೆಲಸ ಮುಗಿಯುವವರೆಗೆ ಎಸೆಯಬಾರದು. ರಂಧ್ರಗಳ ಸ್ಥಾನವನ್ನೂ, ಯಾವ ಅಂಚು ಯಾವುದರ ಕೆಳಗೆ ಹೋಗಬೇಕೆಂಬುದನ್ನೂ ಅದೇ ತೋರಿಸಿಕೊಡುತ್ತದೆ.

3. ಹಳೆಯ ಅಂಟನ್ನು ಕೆರೆದು ತೆಗೆದು, ನೆಲವನ್ನು ತಿಕ್ಕಿ, ಮೊಂಡಾದ ಉಪಕರಣದಿಂದ ಒತ್ತಿ ಪರೀಕ್ಷಿಸಬೇಕು. ತಗಡು ಬಗ್ಗಿದರೆ ಅಥವಾ ತೂತಾದರೆ ವೆಲ್ಡಿಂಗ್ ಆಗುವವರೆಗೆ ಕಾರ್ಪೆಟ್‌ನ ಕೆಲಸವನ್ನು ಮುಂದುವರಿಸಲೇಬಾರದು. ಮೇಲ್ಮೈಯ ತುಕ್ಕನ್ನು ತೆಗೆದು ತುಕ್ಕುನಿರೋಧಕ ಬಣ್ಣ ಬಳಿದು, ಅದು ಪೂರ್ಣ ಒಣಗುವವರೆಗೆ ಕಾಯಬೇಕು. ನೆಲದ ರಬ್ಬರ್ ಬಿರಡೆಗಳನ್ನೂ ಪರೀಕ್ಷಿಸಬೇಕು.

4. ಹೊಸ ಸೆಟ್ಟನ್ನು ಬಿಚ್ಚಿ ಬೆಚ್ಚಗಿನ ಸ್ಥಳದಲ್ಲಿ ಒಂದು ದಿನ ಹರಡಿಡಬೇಕು. ಸುರುಳಿಯ ಬಾಗು ಹೋದ ಮೇಲೆ ಅಂಟಿಲ್ಲದೆಯೇ ಎಲ್ಲ ತುಂಡುಗಳನ್ನೂ ಕಾರಿನಲ್ಲಿ ಕೂರಿಸಿ ನೋಡಬೇಕು. ದೋಷವಿದ್ದ ಸೆಟ್ಟನ್ನು ಹಿಂದಿರುಗಿಸಲು ಸಾಧ್ಯವಿರುವುದು ಈ ಹಂತದವರೆಗೆ ಮಾತ್ರ.

5. ಅಡಿಹಾಸನ್ನು ಕೂರಿಸಬೇಕು. ಸೆಣಬಿನ ಫೆಲ್ಟ್ ಅಗ್ಗವಾಗಿದ್ದು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆರೆದ ಕಾರಿಗೆ ನೀರು ಹೀರದ, ಮುಚ್ಚಿದ ಗುಳ್ಳೆಗಳುಳ್ಳ ಫೋಮ್ ಹಾಳೆಯೇ ಸೂಕ್ತ.

6. ಕಾರ್ಪೆಟ್ಟನ್ನು ಹಿಂಭಾಗದಿಂದ ಆರಂಭಿಸಿ ಮುಂದಕ್ಕೆ ಬರುವುದು ಅನುಕೂಲಕರ: ಚಕ್ರದ ಕಮಾನುಗಳು, ಹಿಂಗೋಡೆ, ನಂತರ ಸುರಂಗ, ಹೊಸ್ತಿಲ ಒಳಮುಖ, ಕಾಲಿಡುವ ಸ್ಥಳದ ಪಕ್ಕಗಳು, ಕೊನೆಯಲ್ಲಿ ನೆಲ. ಹೀಗೆ ಮಾಡಿದಲ್ಲಿ ಪ್ರತಿ ತುಂಡಿನ ಅಂಚು ಹಿಂದಿನದರ ಕತ್ತರಿಸಿದ ಅಂಚನ್ನು ಮುಚ್ಚುತ್ತದೆ.

7. ರಬ್ಬರ್ ಆಧಾರಿತ ಅಂಟನ್ನು ಲೋಹಕ್ಕೂ ಕಾರ್ಪೆಟ್‌ನ ಬೆನ್ನಿಗೂ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಸುರಂಗದ ಮೇಲೆ ಶಾಖ ತಾಳುವ ಅಂಟನ್ನೇ ಬಳಸಬೇಕು. ಅಂಟಿನ ಆವಿಯು ಹೊತ್ತಿಕೊಳ್ಳುವಂಥದ್ದಾದ ಕಾರಣ ಬಾಗಿಲುಗಳನ್ನು ತೆರೆದಿಟ್ಟು, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಬೇಕು.

8. ಬೋಲ್ಟಿನ ರಂಧ್ರಗಳನ್ನು ಕೆಳಗಿನಿಂದ ದಬ್ಬಳ ಚುಚ್ಚಿ ಗುರುತಿಸಿ, ಮೇಲಿನಿಂದ ಸಣ್ಣ ಅಡ್ಡಗೀರು ಕತ್ತರಿಸಬೇಕು. ಕಾರ್ಪೆಟ್‌ನ ಮೇಲೆ ನೇರವಾಗಿ ಡ್ರಿಲ್ ಓಡಿಸಿದರೆ ಎಳೆಯೊಂದು ಸುತ್ತಿಕೊಂಡು ಇಡೀ ಸಾಲೇ ಕಿತ್ತುಬರುತ್ತದೆ. ಸೀಟ್ ಬೆಲ್ಟಿನ ಬೋಲ್ಟ್ ಲೋಹದ ಮೇಲೆ ಬಿಗಿಯಾಗಿ ಕೂರಬೇಕೇ ಹೊರತು ಮೆತ್ತನೆಯ ಕಾರ್ಪೆಟ್‌ನ ಮೇಲಲ್ಲ.

9. ಎರಡು ತುಂಡುಗಳನ್ನು ಅಂಟಿಸಬಾರದು. ಒಂದು, ಕಾಲಿಡುವ ನೆಲದ ತುಂಡು. ಅದನ್ನು ಟಿಚ್ ಬಟನ್‌ಗಳಿಂದ ಕೂರಿಸಿದರೆ ಮಳೆಯ ಬಳಿಕ ಎತ್ತಿ ಒಣಗಿಸಬಹುದು. ಇನ್ನೊಂದು, ಆಸನಗಳ ಹಿಂದಿನ ಬ್ಯಾಟರಿ ಮುಚ್ಚಳದ ಮೇಲಿನ ತುಂಡು. 1974ರವರೆಗಿನ ಎಂಜಿಬಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳೂ ಅನಂತರದವುಗಳಲ್ಲಿ ಹನ್ನೆರಡು ವೋಲ್ಟಿನ ಒಂದು ಬ್ಯಾಟರಿಯೂ ಇಲ್ಲಿಯೇ ಇರುತ್ತವೆ. ಇಲ್ಲಿ ಕಾರ್ಪೆಟ್ ಅಂಟಿಸಿದರೆ ಬ್ಯಾಟರಿಯ ಪಾಲನೆಯೇ ನಿಂತುಹೋಗುತ್ತದೆ.

ಪೆಡಲಿನ ಅಡಿಯ ಅಪಾಯ

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಮುಖ್ಯವಾಗಿ, ಮೂರೂ ಪೆಡಲುಗಳನ್ನು ತುದಿಯವರೆಗೆ ಒತ್ತಿ ಬಿಟ್ಟು ನೋಡಬೇಕು. ದಪ್ಪ ಅಡಿಹಾಸಿನಿಂದ ನೆಲ ಕೊಂಚ ಮೇಲೆದ್ದರೂ ಆಕ್ಸಿಲರೇಟರ್ ಅದರ ಅಂಚಿಗೆ ಸಿಕ್ಕಿಕೊಳ್ಳಬಹುದು. ಇದು ಕೇವಲ ಊಹೆಯ ಭೀತಿಯಲ್ಲ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಬಳಿ ಲೆಕ್ಸಸ್ ಕಾರೊಂದು ವೇಗ ತಗ್ಗದೆ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಬೇರೊಂದು ಮಾದರಿಯ ಕಾರಿಗೆಂದು ತಯಾರಾದ ಮ್ಯಾಟ್ ಅದರಲ್ಲಿದ್ದು, ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತೆಂದು ತನಿಖೆ ಬೊಟ್ಟುಮಾಡಿತು. ಮುಂದಿನ ತಿಂಗಳಲ್ಲಿಯೇ ಟೊಯೊಟಾ ಸಂಸ್ಥೆಯು ಅಮೆರಿಕದ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಮ್ಯಾಟ್ ತೆಗೆದಿಡುವಂತೆ ಸೂಚಿಸಬೇಕಾಯಿತು. ಮ್ಯಾಟ್ ತಯಾರಿಸುವವರು ತಮ್ಮದು ಅಲಂಕಾರದ ವಸ್ತುವೆಂದು ಭಾವಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಚಾಲಕನ ತುಂಡಿಗೆ ಹಿಡಿಕೆಯ ಗುಂಡಿಗಳಿಲ್ಲದ ಸೆಟ್ಟನ್ನು ಮಾರಾಟಕ್ಕೆ ಬಿಡಬಾರದು.

ಬೆಂಕಿಯ ಪರೀಕ್ಷೆಯೂ ಇದೇ ಸಾಲಿಗೆ ಸೇರುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ಮಾನಕದ ಪ್ರಕಾರ ವಾಹನದ ಒಳಾಂಗಣದ ವಸ್ತುವಿನಲ್ಲಿ ಜ್ವಾಲೆಯು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ನಮ್ಮಲ್ಲಿ ಈ ವಿಷಯಕ್ಕೆ ಐಎಸ್ 15061 ಮಾನಕವಿದೆ. ಬಟ್ಟೆ, ಅಂಟು ಮತ್ತು ಅಡಿಹಾಸು ಕೂಡಿದ ಮಾದರಿಯನ್ನೇ ಪರೀಕ್ಷೆಗೆ ಕಳುಹಿಸಿ ವರದಿ ಪಡೆದಿಟ್ಟುಕೊಳ್ಳುವುದು ರಫ್ತು ವ್ಯವಹಾರಕ್ಕೆ ನೆರವಾಗುತ್ತದೆ.

ತೆರಿಗೆಯ ವರ್ಗೀಕರಣ

ಕಾರಿನ ಕಾರ್ಪೆಟ್ ಕಾರಿನ ಬಿಡಿಭಾಗವೇ ಅಥವಾ ಕಾರ್ಪೆಟ್ಟೇ? ಈ ಪ್ರಶ್ನೆ ನಮ್ಮ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಯುನಿ ಪ್ರಾಡಕ್ಟ್ಸ್ ಇಂಡಿಯಾ ಸಂಸ್ಥೆಯ ಅಬಕಾರಿ ಸುಂಕದ ಪ್ರಕರಣದಲ್ಲಿ, ಕಾರಿನ ಮ್ಯಾಟ್‌ಗಳು 8708ನೇ ಶೀರ್ಷಿಕೆಯ ಬಿಡಿಭಾಗಗಳೆಂದು ಇಲಾಖೆಯೂ, 5703ನೇ ಶೀರ್ಷಿಕೆಯ ಕಾರ್ಪೆಟ್‌ಗಳೆಂದು ಉತ್ಪಾದಕರೂ ವಾದಿಸಿದರು. 2020ರ ಮೇ 1ರಂದು ನ್ಯಾಯಾಲಯವು ಉತ್ಪಾದಕರ ಪರವಾಗಿ ತೀರ್ಪಿತ್ತಿತು. ಅಂತರರಾಷ್ಟ್ರೀಯ ವರ್ಗೀಕರಣದ ವಿವರಣಾ ಟಿಪ್ಪಣಿಗಳು ಮೋಟಾರು ಕಾರಿಗೆಂದು ಗುರುತಿಸಬಹುದಾದ ಟಫ್ಟೆಡ್ ಕಾರ್ಪೆಟ್ಟನ್ನು 5703ರಲ್ಲಿಯೇ ಸೇರಿಸುತ್ತವೆ ಎಂಬುದು ಇದರ ಮುಖ್ಯ ಆಧಾರಗಳಲ್ಲೊಂದು. ಎರಡು ಶೀರ್ಷಿಕೆಗಳ ತೆರಿಗೆ ಬೇರೆಯಾದಾಗ ಸಣ್ಣ ಘಟಕದ ಲಾಭವೆಲ್ಲ ಈ ಅಂತರದಲ್ಲಿಯೇ ಕರಗಬಹುದು. ಆದರೆ ರಬ್ಬರ್ ಅಥವಾ ಪ್ಲಾಸ್ಟಿಕ್ ಮ್ಯಾಟ್‌ಗಳಿಗೆ ಇದು ತಾನಾಗಿಯೇ ಅನ್ವಯಿಸುವುದಿಲ್ಲ. ಬಿಲ್ಲು ಬರೆಯುವ ಮುನ್ನ ಪ್ರಸ್ತುತ ದರವನ್ನು ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳುವುದು ಲೇಸು.

ನಮ್ಮ ನೆಲದಲ್ಲಿ

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶ ಕಲ್ಪಿಸಿತು. ವಾಹನವು ಮೂಲ ರೂಪದಲ್ಲಿಯೇ ಇರಬೇಕೆಂಬುದು ಅದರ ಷರತ್ತು. ಹಳೆಯ ಕಾರುಗಳ ಮಾಲೀಕರು ಮೂಲಕ್ಕೆ ಹೊಂದುವ ಒಳಾಂಗಣವನ್ನು ಹುಡುಕುವುದು ಇದರಿಂದ ಹೆಚ್ಚುವ ಸಂಭವವಿದೆ. ನಮ್ಮ ಊರುಗಳ ಕುಷನ್ ಕೆಲಸದವರಲ್ಲಿ ಕತ್ತರಿಸುವ, ಹೊಲಿಯುವ, ಅಂಟಿಸುವ ಕೌಶಲ ಈಗಾಗಲೇ ಇದೆ. ಇಲ್ಲದಿರುವುದು ಅಳತೆಯ ದಾಖಲೆ. ಪ್ರತಿ ಕಾರಿಗೆ ಒಮ್ಮೆ ತೆಗೆದ ಅಳತೆಯನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ವರ್ಷ ಮತ್ತು ಮಾದರಿಯನ್ನು ಬರೆದು ಕಾಪಾಡಿದರೆ ಅದೇ ಘಟಕದ ಬಂಡವಾಳವಾಗುತ್ತದೆ.

ಉತ್ಪಾದಕರು ಗಮನಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು: ಪ್ರತಿ ತುಂಡಿನ ಬೆನ್ನಿಗೆ ಸಂಖ್ಯೆ ಹಾಗೂ ಸ್ಥಾನದ ಚೀಟಿ ಇರಲಿ, ವೆಲ್ಡಿಂಗ್ ಆದ ಹಳೆಯ ಕಾರುಗಳ ಅಳತೆಯಲ್ಲಿ ವ್ಯತ್ಯಾಸವಿರುವುದರಿಂದ, ಮರೆಯಾಗುವ ಅಂಚುಗಳಲ್ಲಿ ಕೊಂಚ ಹೆಚ್ಚು ಬಟ್ಟೆ ಬಿಡಿ, ಮಡಿಸದೆ ಸುರುಳಿ ಸುತ್ತಿ ಕಳುಹಿಸಿ, ಜೋಡಣೆಯ ಕ್ರಮವನ್ನು ಒಂದು ಪುಟದಲ್ಲಿ ಮುದ್ರಿಸಿ ಜೊತೆಗಿಡಿ, ಪೆಡಲಿನ ಎಚ್ಚರಿಕೆಯನ್ನು ಆ ಪುಟದ ಮೊದಲ ಸಾಲಿನಲ್ಲಿಯೇ ಬರೆಯಿರಿ.