ಹಳೆಯ ಸ್ಪೀಕರಿಗೆ ಕಾಯಿಲ್ ಹುಡುಕುವ ಮುನ್ನ

ಪ್ರಶ್ನೆ: ತಂದೆಯವರು 1960ರ ದಶಕದಲ್ಲಿ ಕೊಂಡಿದ್ದ ಮರ್ಫಿ ವಾಲ್ವ್ ರೇಡಿಯೊ ಮನೆಯಲ್ಲಿದೆ. ದೀಪ ಹೊತ್ತಿಕೊಳ್ಳುತ್ತದೆ, ವಾಲ್ವ್‌ಗಳೂ ಬಿಸಿಯಾಗುತ್ತವೆ, ಆದರೆ ಉಸಿರಿಲ್ಲ. ರಿಪೇರಿಯವರು ‘ಸ್ಪೀಕರಿನ ಕಾಯಿಲ್ ಸುಟ್ಟಿದೆ, ಇದರದ್ದು ಈಗ ಸಿಗಲ್ಲ, ಹೊಸ ಸ್ಪೀಕರ್ ಹಾಕೋಣ’ ಎನ್ನುತ್ತಾರೆ. ಅಪ್ಪ ಕೇಳುತ್ತಿದ್ದ ಆ ಧ್ವನಿಯೇ ಹೋಗಿಬಿಡುತ್ತದೆಯೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ನಿಮ್ಮ ಸಂಕಟಕ್ಕೆ ಕಾರಣವಿದೆ. ಆ ಕಾಲದ ರೇಡಿಯೊದ ಧ್ವನಿ ಹುಟ್ಟುವುದು ಅದರ ಕಾಗದದ ಕೋನ್ ಮತ್ತು ಮರದ ಪೆಟ್ಟಿಗೆ ಎರಡೂ ಸೇರಿ. ಸ್ಪೀಕರ್ ಬದಲಾಯಿಸಿದರೆ ಧ್ವನಿ ಬದಲಾಗುವುದು ನಿಜ.

ಆದರೆ ಸಮಾಧಾನದ ಮಾತೊಂದಿದೆ. ಇಂಥ ರೇಡಿಯೊಗಳಲ್ಲಿ ವಾಯ್ಸ್ ಕಾಯಿಲ್ (ಕೋನಿನ ಬುಡದಲ್ಲಿ ಅಯಸ್ಕಾಂತದ ಸಂದಿನೊಳಗೆ ಆಡುವ ತಂತಿ ಸುರುಳಿ) ಸುಡುವುದು ಅಪರೂಪ. ಹೊರಗೆ ಬರುವ ಶಕ್ತಿ ನಾಲ್ಕೈದು ವಾಟ್ ಅಷ್ಟೆ, ಅದನ್ನು ಸುಡಲು ಸಾಲದು. ಹೆಚ್ಚಾಗಿ ಹೋಗುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್ ಮತ್ತು ಸ್ಪೀಕರಿನ ನಡುವೆ ಕೂರುವ ಸಣ್ಣ ಕಬ್ಬಿಣದ ಉಂಡೆ). ಅದರ ತಂತಿ ಕೂದಲಿನಷ್ಟು ತೆಳು, ಅದರಲ್ಲಿ ಸದಾ ವಿದ್ಯುತ್ ಹರಿಯುತ್ತಿರುತ್ತದೆ. ಮಲೆನಾಡಿನ ತೇವ ಸೇರಿದರೆ ತಾಮ್ರ ಹಸಿರುಗಟ್ಟಿ ಒಂದು ದಿನ ತುಂಡಾಗುತ್ತದೆ.

ರಿಪೇರಿಯವರಲ್ಲಿ ಹೀಗೆ ಕೇಳಿಕೊಳ್ಳಿ: ಪ್ಲಗ್ ಕಿತ್ತು, ಸ್ಪೀಕರಿನ ಎರಡೂ ತಂತಿ ಬಿಡಿಸಿ, ಮಲ್ಟಿಮೀಟರ್ ಇಡಲಿ. ಎರಡೂವರೆಯಿಂದ ಮೂರು ಓಂ ತೋರಿಸಿದರೆ ಕಾಯಿಲ್ ಬದುಕಿದೆ. ಟಾರ್ಚಿನ ಒಂದೇ ಸೆಲ್ ಅನ್ನು ಕ್ಷಣಕಾಲ ಮುಟ್ಟಿಸಿದರೆ ಕೋನ್ ಟಕ್ ಎನ್ನಬೇಕು. ಟ್ರಾನ್ಸ್‌ಫಾರ್ಮರಿನ ವಾಲ್ವ್ ಕಡೆಯ ಸುತ್ತು ಕೆಲವು ನೂರು ಓಂ ತೋರಿಸಬೇಕು. ಅಲ್ಲಿ ಏನೂ ಬಾರದಿದ್ದರೆ ದೋಷ ಅದರದ್ದೇ. ಅದನ್ನು ಮರುಸುತ್ತಿಸಬಹುದು, ಸ್ಪೀಕರನ್ನು ಮುಟ್ಟಬೇಕಾಗಿಲ್ಲ.

ಒಳಗೆ ನೀವು ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಇನ್ನೂರು ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರಶ್ನೆ: ಹಳೆಯ 8 ಇಂಚಿನ ಸ್ಪೀಕರ್ ಸಿಕ್ಕಿದೆ. ಹಿಂದಿನ ಚೀಟಿ ಹರಿದಿದೆ, ‘8 ಓಂ’ ಎಂಬುದಷ್ಟೇ ಓದಲು ಬರುತ್ತದೆ. ಮೀಟರ್ ಏನನ್ನೂ ತೋರಿಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಯಾವ ಕಂಪನಿದು?’ ಎಂದು ಕೇಳಿ, ಗೊತ್ತಿಲ್ಲ ಎಂದರೆ ವಾಪಸ್ ಕಳಿಸುತ್ತಾರೆ. ಅಂದಾಜಿನ ಮೇಲೆ ಯಾವುದೋ ಕಾಯಿಲ್ ಹಾಕಿದರೆ ಆಂಪ್ಲಿಫೈಯರ್ ಕೂಡ ಸುಡುತ್ತದೆಯೇ ಎಂಬ ಭಯ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಭಯ ಸರಿಯಾದದ್ದೇ. 8 ಓಂ ಇರಬೇಕಾದ ಕಡೆ 4 ಓಂ ಕಾಯಿಲ್ ಹಾಕಿದರೆ ಆಂಪ್ಲಿಫೈಯರಿನಿಂದ ಸುಮಾರು ಎರಡು ಪಟ್ಟು ವಿದ್ಯುತ್ ಎಳೆಯುತ್ತದೆ, ಕೆಲವು ಆಂಪ್ಲಿಫೈಯರ್ ತಡೆಯುವುದಿಲ್ಲ. ಆದರೆ ಅಂದಾಜಿನ ಮೇಲೆ ಹಾಕುವ ಅಗತ್ಯವೇ ಇಲ್ಲ. ಅಂಗಡಿಯವರು ಕಂಪನಿ ಕೇಳುವುದು ಹುಡುಕಲು ಸುಲಭವೆಂದು. ಕಾಯಿಲ್ ಹೊಂದುವುದು ಅಳತೆಗೆ, ಹೆಸರಿಗಲ್ಲ. 25, 38, 50 ಮಿ.ಮೀ. ವ್ಯಾಸದ ಕಾಯಿಲ್‌ಗಳು ಎಷ್ಟೋ ಕಂಪನಿಗಳ ಸ್ಪೀಕರುಗಳಲ್ಲಿ ಬಂದಿವೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಟರ್ಮಿನಲ್‌ನಿಂದ ಕೋನಿಗೆ ಜಡೆಯಂತೆ ಹೆಣೆದ ಮೆತ್ತನೆಯ ತಂತಿ ಹೋಗಿರುತ್ತದೆ. ವರ್ಷಗಟ್ಟಲೆ ಕುಣಿದು ಅದು ಒಳಗೊಳಗೇ ತುಂಡಾಗಿರುತ್ತದೆ, ಹೊರಗೆ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಮೀಟರಿನ ಮೊನೆಗಳನ್ನು ಟರ್ಮಿನಲ್ ಮೇಲಲ್ಲ, ಕೋನಿನ ಮೇಲಿರುವ ಎರಡು ಬೆಸುಗೆ ಚುಕ್ಕೆಗಳ ಮೇಲೆ ಇಡಿ. 6 ಓಂ ಆಸುಪಾಸು ಬಂತೆಂದರೆ ಕಾಯಿಲ್ ಚೆನ್ನಾಗಿದೆ, ಜಡೆತಂತಿ ಬದಲಿಸಿದರೆ ಮುಗಿಯಿತು. 8 ಓಂ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ 6 ತೋರಿಸುವುದು ಸಹಜ. ಚೀಟಿಯ ಮೇಲಿನದು ಧ್ವನಿಯ ವಿದ್ಯುತ್ತಿಗೆ ಸಿಗುವ ತಡೆ, ಮೀಟರ್ ಅಳೆಯುವುದು ಬರೀ ತಂತಿಯ ತಡೆ.

ಅಲ್ಲೂ ಏನೂ ಬಾರದಿದ್ದರೆ ಬಿಚ್ಚಲೇಬೇಕು. ನಡುವಿನ ಡಸ್ಟ್ ಕ್ಯಾಪ್ (ದೂಳು ತಡೆಯುವ ಟೊಪ್ಪಿ) ಬ್ಲೇಡಿನಿಂದ ಬಿಡಿಸಿ ಎತ್ತಿಡಿ. ಕೋನ್ ನಿಶ್ಚಲವಾಗಿದ್ದಾಗ ಕಾಯಿಲ್ ಎಷ್ಟು ಆಳದಲ್ಲಿ ಕೂತಿದೆ ಎಂದು ಈಗಲೇ ಗುರುತು ಮಾಡಿಕೊಳ್ಳಿ, ಆಮೇಲೆ ತಿಳಿಯುವ ದಾರಿಯಿಲ್ಲ. ಕೋನಿನ ಅಂಚು ಮತ್ತು ಸ್ಪೈಡರ್ (ಕಾಯಿಲನ್ನು ನಡುವಿನಲ್ಲೇ ಹಿಡಿದಿಡುವ ಸುಕ್ಕುಬಟ್ಟೆ) ಅಂಟಿರುವ ಕಡೆ ಬ್ರಷ್‌ನಿಂದ ಥಿನ್ನರ್ ಹಚ್ಚಿ, ಅಂಟು ಮೆತ್ತಗಾಗುವವರೆಗೆ ಕಾಯಿರಿ, ಎಳೆಯಬೇಡಿ. ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರ. ಕೋನ್ ಹೊರಬಂದ ಕೂಡಲೇ ಸಂದಿಗೆ ಟೇಪ್ ಅಂಟಿಸಿ. ಒಂದು ಕಬ್ಬಿಣದ ಚೂರು ಒಳಗೆ ಬಿದ್ದರೂ ಮುಂದೆ ಕರಕರ ತಪ್ಪಿದ್ದಲ್ಲ.

ಈಗ ಅಳತೆ. ಪ್ಲಾಸ್ಟಿಕ್ ವರ್ನಿಯರ್ ಬಳಸಿ. ಉಕ್ಕಿನದನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ನಡುಗೂಟದ ವ್ಯಾಸ, ಅದರ ಸುತ್ತಲಿನ ರಂಧ್ರದ ವ್ಯಾಸ, ಮೇಲಿನ ತಟ್ಟೆಯ ದಪ್ಪ, ಫಾರ್ಮರಿನ (ತಂತಿ ಸುತ್ತಿರುವ ತೆಳು ಕೊಳವೆಯ) ಒಳವ್ಯಾಸ ಮತ್ತು ಎತ್ತರ, ಸುತ್ತಿನ ಎತ್ತರ, ಪದರ ಎಷ್ಟು, ತಂತಿ ಎಷ್ಟು ದಪ್ಪ, ಇಷ್ಟನ್ನೂ ಬರೆದುಕೊಳ್ಳಿ. ಉದಾಹರಣೆಗೆ ಗೂಟ 25 ಮಿ.ಮೀ., ರಂಧ್ರ 27 ಮಿ.ಮೀ. ಇದ್ದರೆ, ಒಳವ್ಯಾಸ 25.4, ಹೊರವ್ಯಾಸ 26.3ರ ಆಸುಪಾಸಿನ ಕಾಯಿಲ್ ಕೇಳಬೇಕು. ಆಗ ಒಳಗೆ 0.2, ಹೊರಗೆ 0.35 ಮಿ.ಮೀ. ಜಾಗ ಉಳಿಯುತ್ತದೆ. ಈ ಅಳತೆ ಬರೆದ ಚೀಟಿ ಮತ್ತು ಸುಟ್ಟ ಕಾಯಿಲ್ ಎರಡನ್ನೂ ಹಿಡಿದು ಎಸ್.ಪಿ. ರಸ್ತೆಗೆ ಹೋಗಿ, ಕೋನ್ ಹಾಕುವವರಲ್ಲಿ ಕೇಳಿ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲೂ ಇದೇ ಅಳತೆಯೇ ಭಾಷೆ.

ಸಿಗದಿದ್ದರೆ ಸುತ್ತಿಕೊಳ್ಳಬಹುದು. ನಿಮ್ಮ ಓದಿಗೆ ಇದು ಒಳ್ಳೆಯ ಪಾಠವೂ ಹೌದು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ತಂತಿ ನಂಬರಿನ ಮೇಲೆ ಸಿಗುತ್ತದೆ. 38 ನಂಬರ್ (0.152 ಮಿ.ಮೀ.) ತಾಮ್ರದ ತಂತಿಗೆ ಮೀಟರಿಗೆ 0.95 ಓಂ ಹತ್ತಿರ ತಡೆ. 6 ಓಂ ಬೇಕೆಂದರೆ ಆರೂಕಾಲು ಮೀಟರಿಗಿಂತ ತುಸು ಹೆಚ್ಚು. ಮೇಲಿನ ಅಳತೆಯ ಕೊಳವೆಗೆ ಅದು 78 ಸುತ್ತು, ಪದರಕ್ಕೆ 39, ಎತ್ತರ ಏಳು ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಪದರ ಎರಡೇ ಅಥವಾ ನಾಲ್ಕೇ ಇರಬೇಕು, ಆಗ ತಂತಿಯ ಎರಡೂ ತುದಿ ಕೋನಿನ ಕಡೆಗೇ ಬರುತ್ತವೆ. ನಿಮ್ಮ ಹಳೆಯ ಕಾಯಿಲಿನ ತಂತಿ ಬೇರೆ ದಪ್ಪದ್ದಾದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಮಾಡಿ. ಅಂಟು ಬಿಸಿ ತಾಳುವ ಎಪಾಕ್ಸಿಯೇ ಆಗಬೇಕು, ಫೆವಿಕಾಲ್ ಬೇಡ.

ಕೂರಿಸುವಾಗ ಮನೆಯಲ್ಲಿರುವ ಹಳೆಯ ಎಕ್ಸ್‌ರೇ ಫಿಲ್ಮ್ ಉಪಯೋಗಕ್ಕೆ ಬರುತ್ತದೆ. ಅದರ ದಪ್ಪ ಹತ್ತಿರ ಹತ್ತಿರ 0.2 ಮಿ.ಮೀ. ಬೆರಳಗಲದ ನಾಲ್ಕು ಪಟ್ಟಿ ಕತ್ತರಿಸಿ, ಗೂಟ ಮತ್ತು ಕಾಯಿಲಿನ ನಡುವೆ ನಾಲ್ಕು ದಿಕ್ಕಿಗೆ ಇಳಿಬಿಡಿ. ಗುರುತಿನ ಆಳಕ್ಕೆ ಕಾಯಿಲ್ ಇಟ್ಟು, ಸ್ಪೈಡರ್ ಮತ್ತು ಕೋನ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿ. ಪಟ್ಟಿ ತೆಗೆದ ಮೇಲೆ ಕೋನನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕಿವಿ ಕೊಡಿ. ಒಂದಿಷ್ಟೂ ಉಜ್ಜಿದ ಸದ್ದು ಬಾರದಿದ್ದರೆ ಟೊಪ್ಪಿ ಅಂಟಿಸಬಹುದು.

ಪ್ರಶ್ನೆ: ನಮ್ಮ ದೇವಸ್ಥಾನದ ಹಾರನ್ ಯುನಿಟ್ಟಿನ ಕಾಯಿಲ್ ಪ್ರತಿ ಜಾತ್ರೆಯಲ್ಲೂ ಹೋಗುತ್ತದೆ. ಮಾರುಕಟ್ಟೆಯ ಕಾಯಿಲ್‌ಗಳೇ ಕಳಪೆಯೇ?
– ಸಮಿತಿಯ ಸದಸ್ಯರು, ಹೊನ್ನಾವರ

ಉತ್ತರ: ಜಾತ್ರೆಯ ನಡುವೆ ಧ್ವನಿ ನಿಂತರೆ ಆಗುವ ಮುಜುಗರ ದೊಡ್ಡದು. ಕಳಪೆ ಮಾಲೂ ಇದೆ, ಯುನಿಟ್ಟಿನ ಮಾಡೆಲ್ ಹೇಳಿ ಅದಕ್ಕೇ ಹೊಂದುವ ಡಯಾಫ್ರಂ (ಕಾಯಿಲ್ ಸಮೇತ ಬರುವ ತೆಳು ಪರದೆ) ತನ್ನಿ. ಆದರೆ ಪ್ರತಿಸಲವೂ ಹೋಗುತ್ತಿದ್ದರೆ ಕಾರಣ ಬೇರೆ. ಹಾರನ್ ಇರುವುದು ಮಾತಿಗೆ. ಚೆಂಡೆ, ಡೋಲಿನ ದಪ್ಪ ಸ್ವರವನ್ನು ಅದು ಹೊರಗೆ ಹಾಕಲಾರದು. ಡಯಾಫ್ರಂ ವೃಥಾ ಹೊಡೆದುಕೊಂಡು ಕಾಯಿಲ್ ಹರಿಯುತ್ತದೆ. ಆಂಪ್ಲಿಫೈಯರಿನ ಬಾಸ್ ಪೂರ್ತಿ ಇಳಿಸಿ. 16 ಓಂ ಯುನಿಟ್ಟನ್ನು ನೇರವಾಗಿ ಜೋಡಿಸಿದ್ದರೆ 33 ಮೈಕ್ರೋಫ್ಯಾರಡ್‌ನ, ಪ್ಲಸ್–ಮೈನಸ್ ಭೇದವಿಲ್ಲದ ಕಂಡೆನ್ಸರ್ ಸಾಲಿನಲ್ಲಿ ಹಾಕಿಸಿ, 300 ಹರ್ಟ್ಸ್‌ಗಿಂತ ಕೆಳಗಿನದು ಬಹಳಷ್ಟು ತಗ್ಗುತ್ತದೆ. ನಡುವೆ ಲೈನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಮೈಕ್‌ಸೆಟ್‌ನವರನ್ನು ಕೇಳಿಯೇ ಮಾಡಿ.

ಪ್ರಶ್ನೆ: ಇಲ್ಲಿ ಒಂದು ಜೊತೆ ಹಳೆಯ ಜೆಬಿಎಲ್ ಡಿ130 ಸ್ಪೀಕರ್ ಕೊಂಡೆ, ಒಂದರ ಕಾಯಿಲ್ ಸುಟ್ಟಿದೆ. ಊರಿಗೆ ಬಂದಾಗ ಕಡಿಮೆ ಖರ್ಚಿನಲ್ಲಿ ಸುತ್ತಿಸಬಹುದೇ? ಬೆಲೆ ಬಿದ್ದುಹೋಗುವ ಚಿಂತೆ.
– ಕನ್ನಡಿಗರು, ಸ್ಯಾನ್ ಹೋಸೆ

ಉತ್ತರ: ಚಿಂತೆ ಬೇಡ, ಅಯಸ್ಕಾಂತ ಮತ್ತು ಚೌಕಟ್ಟು ಗಟ್ಟಿಯಾಗಿದ್ದರೆ ಆ ಸ್ಪೀಕರಿಗೆ ಆಯುಷ್ಯವಿದೆ. ಆದರೆ ಅದನ್ನು ಊರಿಗೆ ತರಬೇಡಿ. ಅದರ ಕಾಯಿಲ್ 4 ಇಂಚು ಅಗಲದ್ದು, ಚಪ್ಪಟೆ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದ್ದು. ದುಂಡು ತಾಮ್ರದ ತಂತಿ ಸುತ್ತಿದರೆ ತೂಕ ಹೆಚ್ಚಿ, ಆ ಸ್ಪೀಕರಿನ ಚುರುಕು ಮತ್ತು ಮೇಲಿನ ಸ್ವರ ಎರಡೂ ಕುಗ್ಗುತ್ತವೆ. ಅಲ್ಲೇ ಹಳೆಯ ಜೆಬಿಎಲ್ ರಿಪೇರಿ ಮಾಡುವವರಲ್ಲಿ ಕೋನ್, ಸ್ಪೈಡರ್, ಕಾಯಿಲ್ ಒಟ್ಟಾಗಿರುವ ಕಿಟ್ ಹಾಕಿಸಿ. ಕಾಯಿಲ್ ಚಪ್ಪಟೆ ಅಲ್ಯೂಮಿನಿಯಂದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಎರಡು ಎಚ್ಚರಿಕೆ. ಅದರ ಅಯಸ್ಕಾಂತ ಆಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ). ಹಿಂಭಾಗ ಬಿಚ್ಚಿ ಅದನ್ನು ಹೊರತೆಗೆದರೆ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಕಾಂತೀಕರಿಸಬೇಕಾಗುತ್ತದೆ. ಇನ್ನೊಂದು, ಹಳೆಯ ಜೆಬಿಎಲ್‌ಗಳಲ್ಲಿ ಕಪ್ಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ಕೋನ್ ಮುಂದೆ ಬರುತ್ತದೆ. ರಿಪೇರಿಯ ನಂತರ ಎರಡನ್ನೂ ಒಂದು ಸೆಲ್ಲಿನಿಂದ ಪರೀಕ್ಷಿಸಿ, ಎರಡೂ ಒಂದೇ ಕಡೆಗೆ ಚಲಿಸಬೇಕು.

ಬೆಲೆಯ ಬಗ್ಗೆ: ಮೂಲ ಕಾಯಿಲ್ ಇರುವ ಸ್ಪೀಕರಿಗೆ ಸಂಗ್ರಾಹಕರು ಹೆಚ್ಚು ಕೊಡುವುದು ನಿಜ. ಆದರೆ ನಿಮ್ಮದು ಈಗ ಹಾಡುತ್ತಿಲ್ಲ. ಒಳ್ಳೆಯ ರಿಪೇರಿಯಿಂದ ಅದರ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಳಚಿದ ಭಾಗಗಳನ್ನು ರಿಪೇರಿಯವರಿಂದ ಕೇಳಿ ಪಡೆದು, ಡಬ್ಬಿಯಲ್ಲಿಟ್ಟುಕೊಳ್ಳಿ.

ಮುಂದಿನ ಸಲ ಸ್ಪೀಕರ್ ವಿಷಯವಾಗಿ ಬರೆಯುವವರು ದಯವಿಟ್ಟು ಮೀಟರ್ ತೋರಿಸಿದ ಓಂ, ಗೂಟದ ವ್ಯಾಸ ಮತ್ತು ಸುತ್ತಿನ ಎತ್ತರ ಇಷ್ಟನ್ನಾದರೂ ಪತ್ರದಲ್ಲಿ ತಿಳಿಸಿ. ಸುಟ್ಟ ಕಾಯಿಲನ್ನು, ಹೊಸದು ಕೂತು ಹಾಡುವವರೆಗೆ, ಎಸೆಯಬೇಡಿ.