ಸಾಕೆಂಬ ಗೆರೆ

ಸುಖವನ್ನು ಅಳೆಯುವ ಕೋಲನ್ನು ಆಯಾ ಜನರ ಸಂಸ್ಕೃತಿಯೇ ಸಿದ್ಧಪಡಿಸುವುದು. ಲೋಕದ ದೇಶಗಳನ್ನು ಸುಖದಲ್ಲಿ ಹೋಲಿಸುವ ವಾರ್ಷಿಕ ವರದಿಯ ಶ್ರೇಣಿಗೆ ಒಂದೇ ಪ್ರಶ್ನೆ ಆಧಾರ: ಸೊನ್ನೆಯಿಂದ 10ರವರೆಗಿನ ಏಣಿಯಲ್ಲಿ ನಿಮ್ಮ ಬಾಳು ಎಷ್ಟನೆಯ ಮೆಟ್ಟಿಲಲ್ಲಿದೆ? 2018ರಿಂದ 2025ರವರೆಗೂ ಫಿನ್ಲೆಂಡಿಗೇ ಅಗ್ರಸ್ಥಾನ. ಏಣಿಯೆಂದೊಡನೆ ಮೇಲೇರುವ ಬಯಕೆಯೂ ಹುಟ್ಟದಿರದು!

ಬೌದ್ಧ ಸಂಸ್ಕಾರದ ಭೂತಾನವು ಬೇರೆ ಕೋಲನ್ನು ಹಿಡಿದಿದೆ. ಜನರ ಸುಖಕ್ಕೆ ಅನುಕೂಲಗಳನ್ನು ಒದಗಿಸಲು ರಾಜ್ಯವು ಶ್ರಮಿಸಬೇಕೆಂದು ಅದರ 2008ರ ಸಂವಿಧಾನವೇ ವಿಧಿಸಿದೆ. ಅಲ್ಲಿನ ಗಣನೆಗೆ 9 ಕ್ಷೇತ್ರಗಳು, 33 ಸೂಚಕಗಳು. ವರಮಾನದೊಡನೆ ನಿದ್ರೆ, ದಾನ, ಪ್ರಾರ್ಥನೆ, ನೆರೆಹೊರೆಯ ನಂಟು ಇವೂ ಸೇರಿವೆ. ಪ್ರತಿಯೊಂದಕ್ಕೂ ‘ಸಾಕು’ ಎಂಬ ಗೆರೆಯುಂಟು. ಅದನ್ನು ಮೀರಿದ ಗಳಿಕೆ ಲೆಕ್ಕಕ್ಕೆ ಬಾರದು. ಧನಿಕನ ಹೆಚ್ಚಿನ ಹಣವು ನೆರೆಯವರೊಡನೆ ಮುರಿದ ನಂಟಿನ ಕೊರತೆಯನ್ನು ತುಂಬಲಾರದು.

ಆದರೂ ಇತ್ತೀಚಿನ ವರ್ಷಗಳಲ್ಲಿ ಆ ನಾಡಿನ ಅನೇಕ ತರುಣರು ಓದು, ದುಡಿಮೆಗಳನ್ನರಸಿ ಆಸ್ಟ್ರೇಲಿಯಾಕ್ಕೆ ತೆರಳಿರುವರು.