ಸಹಾಯಧನವು ಯಾರ ಕೈ ಸೇರಿತು?

ಬೆಳೆ ಹೆಚ್ಚಾದರೆ ರೈತನ ಭಾಗ್ಯವೂ ಹೆಚ್ಚುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬೆಳೆ ಮಿತಿಮೀರಿ ಕೊಳ್ಳುವವರು ಕಡಿಮೆಯಾದಾಗ ಬೆಳೆದವನೇ ಬಡವನಾಗುವನು. ಅಮೇರಿಕೆಯ ಹತ್ತಿಯ ಸೀಮೆಗೆ ಇಂಥ ಸಂಕಟ ಒದಗಿತ್ತು. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟು ಇದ್ದ ಹತ್ತಿಯ ಧಾರಣೆಯು 1931ರಲ್ಲಿ 6 ಸೆಂಟಿಗಿಂತಲೂ ಕೆಳಗಿಳಿಯಿತು.

ಇದಕ್ಕೆ ಪರಿಹಾರವಾಗಿ ಅಧ್ಯಕ್ಷ ರೂಸ್‌ವೆಲ್ಟರು 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆಯ ಕಾಯಿದೆಗೆ ಅಂಕಿತ ಹಾಕಿದರು. ಹೊಲದ ಒಂದು ಭಾಗವನ್ನು ಬಿತ್ತದೆ ಬಿಟ್ಟವನಿಗೆ ಸರಕಾರವು ಹಣ ಕೊಡಬೇಕು. ಬೆಳೆ ತಗ್ಗಿದರೆ ಬೆಲೆ ಏರುವುದು. ಇದೇ ಅದರ ತತ್ತ್ವ. ಬೇಕಾದ ಹಣವನ್ನು ಗಿರಣಿ ಮೊದಲಾದವುಗಳ ಮೇಲಿನ ತೆರಿಗೆಯಿಂದ ಎತ್ತಲಾಯಿತು. ಆ ವರ್ಷ ಬಿತ್ತನೆ ಮುಗಿದಿದ್ದುದರಿಂದ ಸುಮಾರು 1 ಕೋಟಿ ಎಕರೆಯಷ್ಟು ಹತ್ತಿಯ ಬೆಳೆಯನ್ನು ಉತ್ತು ಮಣ್ಣುಗೂಡಿಸಿದರು. ಧಾರಣೆಯು 10 ಸೆಂಟಿಗೆ ಏರಿತು. ಯೋಜನೆ ಫಲಿಸಿತೆಂದೇ ಹೇಳಬೇಕು.

ಆದರೆ ಹಣವು ಯಾರಿಗೆ ಸಂದಿತು? ಇದನ್ನರಿಯಲು ಆರ್ಕನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿಯನ್ನು ನೋಡೋಣ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಲ್ಲಿಯ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಕೋರಿನ ರೈತರು. ಒಡೆಯನು ಭೂಮಿ, ಬೀಜ, ಹೇಸರಗತ್ತೆಗಳನ್ನು ಕೊಡುವನು, ರೈತನ ಕುಟುಂಬವು ದುಡಿಯುವುದು, ಫಸಲು ಅರ್ಧರ್ಧ. 1934–35ರ ಕರಾರಿನಂತೆ ಬೀಳುಬಿಟ್ಟ ಭೂಮಿಗೆ ಪೌಂಡಿನ ಲೆಕ್ಕದಲ್ಲಿ 3½ ಸೆಂಟಿನ ಬಾಡಿಗೆಯು ಒಡೆಯನಿಗೇ ಸೇರತಕ್ಕದ್ದು. ಬೆಲೆಯ ಕೊರತೆಯನ್ನು ತುಂಬಲು ಕೊಡುವ ಇನ್ನೊಂದು ಸೆಂಟಿನಲ್ಲಿ ಮಾತ್ರ ಕೋರಿನ ರೈತನಿಗೆ ಅರ್ಧಪಾಲು. ಅವನನ್ನು ಹೊರಗೆ ಹಾಕಿ ಕೂಲಿಯಾಳುಗಳಿಂದ ದುಡಿಸಿದರೆ ಆ ಅರ್ಧ ಸೆಂಟೂ ಒಡೆಯನಿಗೇ ಉಳಿಯುವುದು. ರೈತರನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬ 7ನೆಯ ಕಲಮು ಕರಾರಿನಲ್ಲಿದ್ದರೂ ಅದರಿಂದ ಹೆಚ್ಚಿನ ರಕ್ಷಣೆ ದೊರೆಯಲಿಲ್ಲ. ಕೌಂಟಿಯ ಸಮಿತಿಗಳಲ್ಲಿ ಬಹುಮಟ್ಟಿಗೆ ಭೂಮಾಲಿಕರೇ ಕುಳಿತಿದ್ದರು. ಅನೇಕ ಕುಟುಂಬಗಳು ಒಕ್ಕಲೆಬ್ಬಿಸಲ್ಪಟ್ಟವು.

1934ರ ಜುಲೈಯಲ್ಲಿ ಅದೇ ಕೌಂಟಿಯ ಟೈರಾನ್ಜಾ ಊರಿನ ಸಮೀಪದಲ್ಲಿ 11 ಬಿಳಿಯರೂ 7 ಕರಿಯರೂ ಒಂದುಗೂಡಿ ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದರು. ವರ್ಣಭೇದವು ಕಟ್ಟಳೆಯಾಗಿದ್ದ ನಾಡಿನಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಕರಾರಿನಲ್ಲಿದ್ದ ರೈತರನ್ನೇ ಉಳಿಸಿಕೊಳ್ಳಬೇಕೆಂದು 7ನೆಯ ಕಲಮಿಗೆ ಅರ್ಥಮಾಡಿದ ಸರಕಾರಿ ವಕೀಲರು 1935ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡರು. 1936ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಬೇರೆ ಕಾರಣದಿಂದ ಕಾಯಿದೆಯನ್ನೇ ರದ್ದುಗೊಳಿಸಿತು.

ಈ ಪ್ರಶ್ನೆ ನಮಗೂ ಹೊರಗಿನದಲ್ಲ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುತ್ತದೆ. ಆದರೆ ಅದು ಭೂಮಿಯುಳ್ಳ ಕುಟುಂಬಗಳಿಗೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯು ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಆದರೂ ಬಾಯಿಮಾತಿನ ಕೋರು ಉಳಿದಿದೆ. ಅದು ಕಾಗದದ ಮೇಲೆ ಬಾರದು. ಬಾರದ್ದರಿಂದ ಉಳುವವನ ಹೆಸರು ಯಾದಿಯಲ್ಲಿಯೂ ಇರದು.

ಆದುದರಿಂದ ಸಹಾಯಧನದ ಮೊತ್ತವೆಷ್ಟೆಂದು ಕೇಳುವುದರೊಡನೆ ಅದು ಯಾವ ದಾಖಲೆಯನ್ನು ನೋಡಿ ಸಲ್ಲುತ್ತದೆಂದೂ ನಾವು ಕೇಳಬೇಕು. ಪಟ್ಟಣದಲ್ಲಿ ನೆಲೆಸಿದ ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಹೊಲವುಂಟು. ಬೇಸಗೆಯ ರಜೆಗೆ ಹೋದಾಗ ಉತಾರದಲ್ಲಿ ಯಾರ ಹೆಸರಿದೆ, ನೇಗಿಲು ಹಿಡಿದವರಾರು ಎಂದು ವಿಚಾರಿಸಿದರೆ ಈ ಪಾಠದ ಉಳಿದ ಭಾಗ ಅಲ್ಲಿ ದೊರೆಯುವುದು.